ಆಯಿ ಖಾಲಿ ಇಟ್ಟ ಗೋದಲಿ

ಮನೆ ಕೊಳ್ಳುವವರು ನನ್ನನ್ನು ಕೇಳಲು ಬರುತ್ತಾರೆ. ಕಾಳುಕಡಿಯ ವ್ಯಾಪಾರದಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವಳು ನಾನು. ನಡುನಡುವೆ ನಾಲ್ಕು ಮನೆ ಕೊಂಡು ಮೂರನ್ನು ಮಾರಿದ್ದೇನೆ. ಹಾಗಾಗಿ ಅಣ್ಣಿಗೇರಿಯ ಸುತ್ತಲಿನವರಿಗೆ ನನ್ನ ಮಾತಿನ ಮೇಲೆ ಒಂದಿಷ್ಟು ನಂಬಿಕೆ ಇದೆ. ಅವರಿಗೆ ಮೊದಲು ಹೇಳುವುದು ಇದನ್ನೇ: ಬಾಗಿಲು ಯಾವ ದಿಕ್ಕಿಗಿದೆ ಎಂದು ಆಮೇಲೆ ನೋಡಿ, ಬಾಜೂ ಮನೆಯ ಮಾಳಿಗೆಯ ನೀರು ಎಲ್ಲಿಗೆ ಬೀಳುತ್ತದೆ ಎಂದು ಮೊದಲು ನೋಡಿ. ಗೋಡೆ ಬಿರುಕು ಬಿಟ್ಟಿದ್ದರೆ ಗಿಲಾಯಿ ಮಾಡಿಸಬಹುದು, ಬಾಗಿಲು ಕಿರಿದಾಗಿದ್ದರೆ ಒಡೆದು ಅಗಲ ಮಾಡಬಹುದು. ಪಕ್ಕದ ಮನೆಯವನ ಮನಸ್ಸಿಗೆ ಗಿಲಾಯಿ ಇಲ್ಲ. ಇದನ್ನು ನಾನು ಯಾವ ವ್ಯಾಪಾರದಲ್ಲೂ ಕಲಿತದ್ದಲ್ಲ. ಮೊರಬದ ನಮ್ಮ ಮಣ್ಣಿನ ಮಾಳಿಗೆಯ ಮನೆಯಲ್ಲಿ, ಹತ್ತು ವರ್ಷದವಳಿದ್ದಾಗ ಕಲಿತದ್ದು. ಅದರ ಜೊತೆಗೇ ಇನ್ನೊಂದನ್ನೂ ಕಲಿತೆ. ಅದನ್ನು ಮಾತ್ರ ಮನೆ ಕೊಳ್ಳಲು ಬಂದವರಿಗೆ ಹೇಳಿಲ್ಲ. ಹೇಳಿದರೆ ನನ್ನ ವ್ಯಾಪಾರ ಬುದ್ಧಿಯ ಮೇಲೆ ಅವರಿಗಿರುವ ನಂಬಿಕೆ ಹೋದೀತು ಎಂಬ ಅಂಜಿಕೆ.

ಆ ಮನೆಯನ್ನು ಕಾಣದವರಿಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ತಲೆಬಾಗಿಲು ದಾಟಿದ ಕೂಡಲೇ ಎಡಕ್ಕೆ, ತಗ್ಗಿನಲ್ಲಿ, ದನ ಕಟ್ಟುವ ಜಾಗ. ಬಲಕ್ಕೆ ಮೂರು ಮೆಟ್ಟಿಲು ಏರಿದರೆ ಪಡಸಾಲೆ. ಅದರ ಹಿಂದೆ ಕತ್ತಲೆಯ ಅಡುಗೆಮನೆ, ಅದರಾಚೆ ಹಿತ್ತಲು. ದನಗಳೂ ನಾವೂ ಒಂದೇ ಬಾಗಿಲಿನಿಂದ ಒಳಗೆ ಬರುತ್ತಿದ್ದೆವು, ಒಂದೇ ಸೂರಿನ ಕೆಳಗೆ ಮಲಗುತ್ತಿದ್ದೆವು. ನಾವು ಪಡಸಾಲೆಯಲ್ಲಿ ರೊಟ್ಟಿ ಮುರಿಯುವಾಗ ಕೆಳಗೆ ಎತ್ತುಗಳು ಜೋಳದ ಕಣಿಕೆ ಮುರಿಯುವ ಸಪ್ಪಳ ಕೇಳಿಸುತ್ತಿತ್ತು. ಅವು ಮೇಯುವ ಗೋದಲಿ ಗೋಡೆಗೆ ಹೊಂದಿಕೊಂಡಿತ್ತು. ಕಲ್ಲು ಮಣ್ಣಿನಿಂದ ಕಟ್ಟಿದ್ದು, ಮೊಣಕಾಲೆತ್ತರದ್ದು, ಎತ್ತುಗಳು ಕೊರಳು ಉಜ್ಜಿ ಉಜ್ಜಿ ಅಂಚು ನುಣ್ಣಗಾದದ್ದು. ಮುಂದೆ ದೊಡ್ಡ ಪಟ್ಟಣದ ಚರ್ಚುಗಳಲ್ಲಿ ಹುಲ್ಲಿನ ಗುಡಿಸಲು, ಬಣ್ಣದ ದೀಪ, ಹತ್ತಿಯ ಹಿಮ ಎಲ್ಲ ನೋಡಿದಾಗ ನನಗೆ ಅದು ಯಾರದೋ ಮನೆಯ ಕಥೆ ಎನ್ನಿಸಿತು. ಛತ್ರದಲ್ಲಿ ಜಾಗ ಸಿಗದೆ ಏಸುಸ್ವಾಮಿಯನ್ನು ಬಟ್ಟೆಯಲ್ಲಿ ಸುತ್ತಿ ಗೋದಲಿಯಲ್ಲಿ ಮಲಗಿಸಿದರು ಎಂದು ಆಯಿ ಓದುವಾಗ ಚಿಕ್ಕಂದಿನಲ್ಲಿ ನನ್ನ ಕಣ್ಣಿಗೆ ಕಟ್ಟುತ್ತಿದ್ದುದು ನಮ್ಮ ಗೋದಲಿಯೇ. ಎಡಗಡೆಯ ಕರೀ ಎತ್ತು ಕೂಸಿನ ಕಾಲು ನೆಕ್ಕೀತು ಎಂಬ ಚಿಂತೆಯೂ ಇತ್ತು.

ಆಯಿ ಎಂದರೆ ಅಪ್ಪನ ತಾಯಿ, ಸುವಾರ್ತವ್ವ. ಊರಿನಲ್ಲಿ ನಮ್ಮದೊಂದೇ ಕ್ರೈಸ್ತ ಮನೆ. ಓದಲು ಬಲ್ಲ ಮುದುಕಿಯೂ ಇಡೀ ಓಣಿಗೆ ಅವಳೊಬ್ಬಳೇ. ಮಗ ಪರವೂರಿನಿಂದ ಬರೆದ ಪತ್ರ ಓದಿಸಲು, ಕೂಸಿಗೆ ಹೊಟ್ಟೆನೋವಾದರೆ ಏನು ಕುಡಿಸಬೇಕೆಂದು ಕೇಳಲು ಜನ ಅವಳ ಹತ್ತಿರ ಬರುತ್ತಿದ್ದರು. ಸಂತೆಗೂ ಅವಳೇ ಹೋಗುತ್ತಿದ್ದಳು, ಬಗಲಿಗೆ ನನ್ನನ್ನು ಹಾಕಿಕೊಂಡು. ಚೌಕಾಶಿಯ ಮೊದಲ ಪಾಠ ಅವಳದೇ. ಬೇಕಾದ ವಸ್ತುವಿನ ಕಡೆ ನೋಡಬಾರದು, ಬೇಡವಾದದ್ದರ ಬೆಲೆ ಮೊದಲು ಕೇಳಬೇಕು, ಒಪ್ಪದಿದ್ದರೆ ಎದ್ದು ಹತ್ತು ಹೆಜ್ಜೆ ನಡೆಯಬೇಕು. ಹತ್ತರೊಳಗೆ ಕರೆಯದಿದ್ದರೆ ಅವನ ಬೆಲೆ ನಿಜ. ಕರೆದರೆ ನಮ್ಮದು ನಿಜ. ನಾನು ಈ ವಿದ್ಯೆಯಲ್ಲಿ ಆಯಿಯನ್ನು ಮೀರಿಸಿದೆ. ಬದನೆಕಾಯಿ ಕೊಂಡು ಕೊತ್ತಂಬರಿಯನ್ನೂ ಹಸಿ ಶುಂಠಿಯನ್ನೂ ಮೇಲಿಂದ ಹಾಕಿಸಿಕೊಂಡು ಬರುತ್ತಿದ್ದೆ. ಅಪ್ಪ ಬಂದವರ ಮುಂದೆಲ್ಲ ಹೇಳುವನು:

"ನಮ್ಮ ಸರೋಜಿ ಬಾಯಿಗೆ ಹತ್ತಿದಾವ ಉದ್ಧಾರ ಆಗಂಗಿಲ್ಲ ನೋಡ್ರಿ. ಹೋಗೂ ಮುಂದ ತಕ್ಕಡೀನೂ ಕೊಟ್ಟು ಹೋಗ್ತಾನ."

ಆಯಿ ನಗುತ್ತಿದ್ದಳು. ಆದರೆ ಕ್ರಿಸ್ಮಸ್ಸಿನ ಹಿಂದಿನ ದಿನ ಮಾತ್ರ ಅವಳು ಬೇರೆಯೇ ಹೆಂಗಸು. ಅವತ್ತು ಮಧ್ಯಾಹ್ನಕ್ಕೆ ಎತ್ತುಗಳನ್ನು ಹಿತ್ತಲಿಗೆ ಕಟ್ಟಿ, ಥಂಡಿಗೆ ಬೆನ್ನ ಮೇಲೆ ಗೋಣಿತಟ್ಟು ಹೊದಿಸಿ, ಬುಟ್ಟಿಯಲ್ಲಿ ಮೇವು ಹಾಕಿಸುತ್ತಿದ್ದಳು. ಆಮೇಲೆ ನಾನೂ ಅವಳೂ ಗೋದಲಿಯೊಳಗೆ ಕುಳಿತು ಹಳೆಯ ಹೊಟ್ಟು ಬಳಿದು, ಸಗಣಿಯಿಂದ ಸಾರಿಸಿ, ಅಂಚಿಗೆ ಸುಣ್ಣ ಬಳಿದು, ಒಣಗಿದ ಮೇಲೆ ಹೊಸ ಕಣಿಕೆಯ ಎಳೆಯ ಗರಿಗಳನ್ನು ಆರಿಸಿ ಹಾಸುತ್ತಿದ್ದೆವು. ಅಷ್ಟೇ. ಅದರಲ್ಲಿ ಏನನ್ನೂ ಇಡುತ್ತಿರಲಿಲ್ಲ. ಮರುದಿನ ಊಟ ಆಗುವ ತನಕ ಅದು ಹಾಗೆಯೇ ಖಾಲಿ ಇರಬೇಕು. ಪಟ್ಟಣದಲ್ಲಿ ಸಭಾಪಾಲಕರ ಮನೆಯಲ್ಲಿ ಬೊಂಬೆ ಇಟ್ಟಿರುತ್ತಾರೆ, ನಮಗೂ ಒಂದು ತರೋಣ ಎಂದು ನಾನು ಗಂಟು ಬಿದ್ದಿದ್ದೆ.

"ಬೊಂಬಿಗೆ ಜಾಗಾ ಕೊಡೂದು ಹಗುರಬೇ. ಅದು ಏನೂ ಬೇಡಂಗಿಲ್ಲ," ಎಂದಳು ಆಯಿ.

"ಮತ್ತ ಹಬ್ಬ ಅಂದ್ರ ಏನ, ಆಯಿ?"

"ಜಾಗಾ ಮಾಡಿ ಇಡೂದು. ಬರೂದು ಬಿಡೂದು ಅವಂಗ ಬಿಟ್ಟದ್ದು."

ಓಣಿಯ ಹುಡುಗಿಯರು ಬಾಗಿಲಿಗೆ ಬಂದು ಇಣುಕುತ್ತಿದ್ದರು. ಅವರಲ್ಲಿ ಜೋರಿನವಳು ಪಕ್ಕದ ಮನೆಯ ಚನ್ನಪ್ಪ ಕಾಕಾನ ಮಗಳು ಗಂಗಿ. ಪ್ರತಿ ವರ್ಷ ಅವಳದು ಅದೇ ಪ್ರಶ್ನೆ:

"ಏ ಸರೋಜಿ, ಹಾಸಿಗಿ ಹಾಸೀರಿ, ಕೂಸು ಎಲ್ಲೈತಬೇ?"

"ಇನ್ನೂ ಬಂದಿಲ್ಲ."

"ಹೋದ ವರ್ಷಾನೂ ಹಂಗ ಅಂದಿದ್ದಿ. ಬಸ್ಸು ತಪ್ಪಿತೇನು?"

ಅವರು ನಕ್ಕು ಓಡುತ್ತಿದ್ದರು. ನನಗೆ ಅಳು ಬರುತ್ತಿತ್ತು. ಆದರೆ ನಾನು ಹೇಳಬೇಕೆಂದಿರುವ ಆ ವರ್ಷ ಗಂಗಿ ಕೇಳಲು ಬಂದಿರಲಿಲ್ಲ. ಎರಡು ಮಳೆಗಾಲದಿಂದ ಎರಡೂ ಮನೆಗೆ ಮಾತಿರಲಿಲ್ಲ. ಕಾರಣ, ಚನ್ನಪ್ಪ ಕಾಕಾ ತನ್ನ ಮಾಳಿಗೆಗೆ ಹೊಸದಾಗಿ ಹಾಕಿಸಿದ ತಗಡಿನ ದೋಣಿ. ಮಾಳಿಗೆಯ ಮೇಲೆ ಬಿದ್ದ ಮಳೆನೀರನ್ನೆಲ್ಲ ಅದು ಕೂಡಿಸಿ ತಂದು ನಮ್ಮ ಹಿತ್ತಲಿನ ಗೋಡೆಯ ಬುಡಕ್ಕೇ ಸುರಿಯುತ್ತಿತ್ತು. ಎರೆಮಣ್ಣಿನ ಊರಿನಲ್ಲಿ ಮಣ್ಣಿನ ಗೋಡೆಯ ಬುಡಕ್ಕೆ ನೀರು ಬಿಟ್ಟರೆ ಗೋಡೆ ಎಷ್ಟು ದಿನ ನಿಂತೀತು? ಅಪ್ಪ ಮೊದಲು ಮೆಲ್ಲಗೆ ಹೇಳಿದ, ಆಮೇಲೆ ಜೋರಾಗಿ ಹೇಳಿದ.

"ಚನ್ನಪ್ಪ, ದೋಣಿ ನಿಂದು, ಗ್ವಾಡಿ ನಂದು. ನಿನ್ನ ನೀರು ನಿನ್ನ ಬಾಜೂಕ ಬೀಳಲಿ."

"ನೀರಿಗೇನು ನಾ ಹೇಳಿ ಕಳಸ್ತೀನೇನೋ, ಅವರ ಮನೀಗೇ ಹೋಗಂತ? ಇಳಕಲಾ ಇದ್ದಕಡೆ ಹರೀತೈತಿ."

"ಇಳಕಲಾ ನೀರಿಗಲ್ಲ, ನಿನ್ನ ಮನಸ್ಸಿಗೈತಿ."

ಈ ಕೊನೆಯ ಮಾತು ಅಪ್ಪ ಆಡಬಾರದಿತ್ತು. ಸಿಟ್ಟಿನಲ್ಲಿ ಚಂದದ ಮಾತು ಹೊಳೆದರೆ ನುಂಗಿಕೊಳ್ಳಿ. ವ್ಯಾಪಾರ ಕೆಡುವುದು ಚಂದದ ಮಾತಿನಿಂದಲೇ. ಜಗಳ ಹುಟ್ಟಿದ ವರ್ಷದ ಕ್ರಿಸ್ಮಸ್ಸಿಗೆ ಅವ್ವ ಎಂದಿನಂತೆ ಕರ್ಚಿಕಾಯಿ ಶಂಕರಪೋಳಿಯ ತಾಟಿಗೆ ವಸ್ತ್ರ ಕಟ್ಟಿ ಅವರ ಮನೆಗೆ ಕಳಿಸಿದಳು. ನಮ್ಮಲ್ಲಿ ಕೊಟ್ಟ ತಾಟು ಬರಿದಾಗಿ ತಿರುಗಿ ಬರಬಾರದು, ಬೆಲ್ಲವೋ ಜೋಳವೋ ಒಂದು ಹಿಡಿ ಹಾಕಿ ಕಳಿಸುವುದು ರೀತಿ. ತಾಟು ತುಂಬಿಕೊಂಡೇ ತಿರುಗಿ ಬಂತು. ಅದೇ ಕರ್ಚಿಕಾಯಿ, ಅದೇ ವಸ್ತ್ರ, ಗಂಟು ಕೂಡ ಅವ್ವ ಹಾಕಿದ್ದೇ. ಅವ್ವ ತಾಟನ್ನು ಒಯ್ದು ಎತ್ತುಗಳ ಮುಂದೆ ಸುರಿದಳು.

ನಾನು ಹೇಳುವ ದಿನ ಮಧ್ಯಾಹ್ನ, ನಾವು ಗೋದಲಿ ಸಾರಿಸಿ ಎದ್ದಿದ್ದೆವು ಅಷ್ಟೇ. ಪಕ್ಕದ ಮನೆಯಲ್ಲಿ ಗುಡುಗಿದಂಥ ಸಪ್ಪಳ, ಆಮೇಲೆ ಓಣಿಯ ತುಂಬ ಧೂಳು. ಚನ್ನಪ್ಪ ಕಾಕಾ ದನದ ಮನೆಯ ಮಾಳಿಗೆಯ ಮೇಲೆ ವರ್ಷದ ಮೇವು ಒಟ್ಟಿದ್ದ. ಕೆಳಗಿನ ತೊಲೆಯನ್ನು ಗೆದ್ದಲು ಒಳಗೊಳಗೇ ತಿಂದಿತ್ತು. ತೊಲೆ ಮುರಿದು ಮಣ್ಣು, ಮೇವು, ಜಂತಿ ಎಲ್ಲ ಕೆಳಗೆ ಕೂತಿತು. ದೇವರು ದೊಡ್ಡವನು, ಮೂರು ದಿನದ ಹಿಂದೆ ಕರು ಹಾಕಿದ್ದ ಆಕಳನ್ನು ಅದೇ ಹೊತ್ತಿಗೆ ಬಿಸಿಲಿಗೆಂದು ಹೊರಗೆ ಕಟ್ಟಿದ್ದರು. ಎತ್ತುಗಳು ಹೊಲದಲ್ಲಿದ್ದವು, ಅವನ್ನು ಸಂಜೆ ಬೇರೆ ಓಣಿಯ ಬೀಗರ ಮನೆಗೆ ಹೊಡೆದರು. ಆದರೆ ಎಳಗರುವಿನ ಆಕಳನ್ನು ಮಂದಿಯ ಎತ್ತುಗಳ ನಡುವೆ ಕಟ್ಟಲಿಕ್ಕಾಗುತ್ತದೆಯೇ? ಡಿಸೆಂಬರಿನ ಥಂಡಿಗಾಳಿ ಎರೆಹೊಲಗಳ ಮೇಲಿಂದ ಅಡೆತಡೆ ಇಲ್ಲದೆ ಬರುತ್ತದೆ. ಎಳಗರು ಸಾಯಲು ಒಂದು ರಾತ್ರಿಯ ಬಯಲು ಸಾಕು.

ಅಪ್ಪ ಹಬ್ಬದ ಅರಿವೆ ತರಲು ಹುಬ್ಬಳ್ಳಿಗೆ ಹೋಗಿದ್ದ. ಅವ್ವನೂ ಆಯಿಯೂ ಒಳಗೆ ಕರ್ಚಿಕಾಯಿ ಕರಿಯುತ್ತಿದ್ದರು. ಗೋದಲಿಯ ಸುಣ್ಣ ಒಣಗುವವರೆಗೆ ಕೋಳಿ ಬಾರದಂತೆ ಕಾಯುವುದು, ಒಣಗಿದ ಮೇಲೆ ಗರಿ ಹಾಸುವುದು ನನ್ನ ಕೆಲಸ. ಹೊತ್ತು ಇಳಿಯುವಾಗ ಬಾಗಿಲಲ್ಲಿ ನೆರಳು ಬಿತ್ತು. ನೋಡಿದರೆ ಚನ್ನಪ್ಪ ಕಾಕಾ. ಹಣೆಯ ವಿಭೂತಿ ಬೆವರಿಗೆ ಕರಗಿತ್ತು, ಮೈತುಂಬ ಧೂಳು, ಕೈಯಲ್ಲಿ ಆಕಳ ಹಗ್ಗ. ಹಿಂದೆ ಅವನ ಹೆಂಡತಿ ನೀಲವ್ವ ಚಿಗವ್ವ, ಗೋಣಿಚೀಲದಲ್ಲಿ ಸುತ್ತಿದ ಕರುವನ್ನು ಎದೆಗವಚಿಕೊಂಡು ನಿಂತಿದ್ದಳು. ಅವನು ನನ್ನನ್ನು ನೋಡಲಿಲ್ಲ, ಹೊಸ್ತಿಲನ್ನು ನೋಡುತ್ತ ಹೇಳಿದ:

"ಆಯಿ ಅದಾಳೇನವ್ವ? ಆಕಳ ಕಟ್ಟಾಕ ಎರಡ ದಿನಾ ಜಾಗಾ ಬೇಕಿತ್ತು."

ಒಳಗೆ ಹೋಗಿ ಆಯಿಯನ್ನು ಕರೆಯುವುದಷ್ಟೇ ನನ್ನ ಕೆಲಸವಾಗಿತ್ತು. ಆದರೆ ನನ್ನೊಳಗಿನ ವ್ಯಾಪಾರಗಾರ್ತಿ ಎಚ್ಚರಾದಳು. ಎರಡು ವರ್ಷ ಅಪ್ಪ ಕೂಗಾಡಿ ಆಗದ್ದು, ಊರಿನ ಹಿರಿಯರು ಹೇಳಿ ಆಗದ್ದು, ಈಗ ನನ್ನ ಕೈಯಲ್ಲಿತ್ತು. ಇವನಿಗೆ ಬೇಕಾದದ್ದು ನಮ್ಮಲ್ಲಿದೆ, ನಮಗೆ ಬೇಕಾದದ್ದು ಇವನಲ್ಲಿದೆ. ಇಂಥ ಹೊತ್ತು ಸಂತೆಯಲ್ಲಿ ವರ್ಷಕ್ಕೊಂದು ಸಲವೂ ಬರುವುದಿಲ್ಲ. ಸೊಂಟದ ಮೇಲೆ ಕೈ ಇಟ್ಟುಕೊಂಡೇ ಹೇಳಿದೆ:

"ಕಟ್ರಿ ಕಾಕಾ, ಯಾರ ಬ್ಯಾಡ ಅಂತಾರ? ಆದ್ರ ಮೊದಲ ದೋಣಿ ತಿರುಗಸ್ತೀನಿ ಅನ್ರಿ."

ಅವನು ಆಗ ನನ್ನನ್ನು ನೋಡಿದ. ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು.

"ಚಲೋ ಕಲ್ತೀಯವ್ವ," ಎಂದಷ್ಟೇ ಹೇಳಿ ಆಕಳನ್ನು ತಿರುಗಿಸಿದ.

ನಾನು ಹೆಜ್ಜೆ ಎಣಿಸಿದೆ. ಎದ್ದು ಹೋದವನು ಹತ್ತರೊಳಗೆ ತಿರುಗಲೇಬೇಕು. ಐದು, ಆರು. ನೀಲವ್ವ ಚಿಗವ್ವ ಒಮ್ಮೆ ಹೊರಳಿ ನೋಡಿದಳು, ಅವನು ನೋಡಲಿಲ್ಲ. ಹತ್ತಾಯಿತು, ಹನ್ನೆರಡಾಯಿತು. ಸಂತೆಯಲ್ಲಿ ಕರೆಯಬೇಕಾದವನು ಕುಳಿತವನು, ನಡೆದವನಲ್ಲ. ಇಲ್ಲಿ ಕುಳಿತವಳು ನಾನು ಎಂಬುದು ಆಗ ಹೊಳೆಯಲಿಲ್ಲ. ಓಣಿಯ ತಿರುವಿನಲ್ಲಿ ಅವರು ಮರೆಯಾದರು. ತಾಸು ಬಿಟ್ಟು ಬಂದೇ ಬರುತ್ತಾನೆ ಎಂದುಕೊಂಡು ಹಿಗ್ಗಿನಿಂದ ಒಳಗೆ ಓಡಿ, ನಡೆದದ್ದನ್ನೆಲ್ಲ ಆಯಿಗೆ ಹೇಳಿದೆ. ಶಾಬಾಸ್ ಅನ್ನುತ್ತಾಳೆ ಎಂದು ಮುಖ ನೋಡುತ್ತ ನಿಂತೆ.

ಆಯಿ ಜಾರಿ ಸೌಟಿನಲ್ಲಿ ಎತ್ತಿದ್ದ ಕರ್ಚಿಕಾಯಿಯನ್ನು ತಿರುಗಿ ಎಣ್ಣೆಗೆ ಬಿಟ್ಟಳು. ಆಮೇಲೆ ಒಲೆಯೊಳಗಿನ ಕಟ್ಟಿಗೆ ಹಿಂದಕ್ಕೆ ಎಳೆದಳು. ಅವ್ವ ಗಾಬರಿಯಾಗಿ, "ಇನ್ನೂ ಅರ್ಧಾ ಉಳದಾವಲ್ರಿ ಅತ್ತಿ," ಅಂದಳು. ಆಯಿಗೆ ಕೇಳಿಸಲಿಲ್ಲ. ಹಿಟ್ಟಿನ ಕೈಯಲ್ಲೇ ಪಡಸಾಲೆಗೆ ಬಂದು, ಮೆಟ್ಟಿಲ ಮೇಲೆ ನಿಂತು, ಗೋದಲಿ ನೋಡಿದಳು. ಸುಣ್ಣ ಒಣಗಿ ಬೆಳ್ಳಗಾಗಿತ್ತು. ನಾನು ಆಗಲೇ ಹಾಸಿದ್ದ ಗರಿಯ ಹಾಸಿಗೆ ಮೆತ್ತಗೆ, ಯಾರೂ ಮುಟ್ಟದಂತೆ ಇತ್ತು.

"ಛತ್ರದಾಗ ಜಾಗಾ ಇಲ್ಲ ಅಂದವರ ಮ್ಯಾಲ ಇಷ್ಟ ವರ್ಷ ಸಿಟ್ಟ ಮಾಡಕೊಂಡ ಬಂದೆ," ಎಂದಳು, ನನಗಲ್ಲ, ತನಗೇ. "ಅವರು ಜಾಗಾ ಇಲ್ಲಂತ ಅಂದ್ರು. ನಾವು ಜಾಗಾ ಇಟ್ಟಗೊಂಡು ಕಳಿಸಿದ್ವಿ."

ಅವಳು ನನ್ನನ್ನು ಹೊಡೆಯಲಿಲ್ಲ, ಬೈಯಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು, "ನಡಿ, ಹೋಗೂಣು," ಎಂದಳು. ದಾರಿಯಲ್ಲಿ ನಾನು ಅಳುತ್ತ ಕೇಳಿದೆ, "ಗ್ವಾಡಿ ನಮ್ದ ಅಲ್ಲೇನ ಆಯಿ? ನಾ ಕೇಳಿದ್ದು ತಪ್ಪೇನು?"

"ಕೇಳಿದ್ದು ತಪ್ಪಲ್ಲ. ಕೇಳಿದ ದಿನಾ ತಪ್ಪು."

ಚನ್ನಪ್ಪ ಕಾಕಾ ಊರ ಹೊರಗಿನ ದೊಡ್ಡ ಬೇವಿನ ಗಿಡದ ಬುಡಕ್ಕೆ ಆಕಳನ್ನು ಕಟ್ಟಿ, ಗಾಳಿ ಬರುವ ಬದಿಗೆ ಚೀಲಗಳನ್ನು ಬಿಗಿಯುತ್ತಿದ್ದ. ಗಂಗಿ ಕರುವಿನ ಮೈ ಉಜ್ಜುತ್ತಿದ್ದಳು. ನನ್ನನ್ನು ನೋಡಿ ಮುಖ ತಿರುಗಿಸಿದಳು. ನಾನು ಹೋಗಿ, ದಾರಿಯುದ್ದಕ್ಕೂ ಕಲಿತುಕೊಂಡು ಬಂದದ್ದನ್ನು ಹೇಳಿದೆ:

"ತಪ್ಪಾತ್ರಿ ಕಾಕಾ. ಬರ್ರಿ, ಕಟ್ರಿ."

"ಬ್ಯಾಡವ್ವಾ. ಇವತ್ತ ಕಟ್ಟಿದ್ರ ನಾಳೆ ಊರ ತುಂಬ ಆಕ್ಕೈತಿ, ಚನ್ನಪ್ಪ ನಿಮ್ಮ ಮನೀ ಉಪಕಾರದಾಗ ಅದಾನಂತ. ಅದರಕಿಂತ ಈ ಗಿಡಾ ಚಲೋ. ಇದಕ ಬಾಯಿ ಇಲ್ಲ."

ನನ್ನ ಚೀಲದಲ್ಲಿದ್ದ ಯುಕ್ತಿಗಳೆಲ್ಲ ಕಡಿಮೆ ಕೊಟ್ಟು ಹೆಚ್ಚು ತರುವುದಕ್ಕೆ ಇದ್ದವು. ಕೊಡುವುದನ್ನು ಬೇಡವೆನ್ನುವವನಿಗೆ ಕೊಡುವ ಯುಕ್ತಿ ಒಂದೂ ಇರಲಿಲ್ಲ. ಆಗ ಆಯಿ ಮಾಡಿದ್ದನ್ನು ಇವತ್ತಿಗೂ ನೆನೆಯುತ್ತೇನೆ. ಅವಳು ಅವನಿಗಿಂತ ಹಿರಿಯಳು, ಅವನ ಹುಡುಗತನದಲ್ಲಿ ಅವನಿಗೆ ಅಕ್ಷರ ತಿದ್ದಿಸಿದವಳು. ಆದರೆ ಹಿರಿತನ ತೋರಿಸಲಿಲ್ಲ. ಬೇವಿನ ಬುಡದ ಮಣ್ಣಿನಲ್ಲಿ, ಅವನ ಕಾಲಿನ ಹತ್ತಿರ, ನೆಲಕ್ಕೆ ಕುಳಿತುಬಿಟ್ಟಳು.

"ಏಳ ಯವ್ವಾ, ಇದೇನು!" ಎಂದು ಅವನು ಎರಡು ಹೆಜ್ಜೆ ಹಿಂದೆ ಸರಿದ.

"ಉಪಕಾರ ಮಾಡಾಕ ಬಂದಿಲ್ಲೋ ತಮ್ಮಾ, ಬೇಡಾಕ ಬಂದೀನಿ. ನಮ್ಮ ಸ್ವಾಮಿ ಹುಟ್ಟಿದಾಗ ಮನಶ್ಯಾರ ಒಬ್ಬರೂ ಜಾಗಾ ಕೊಡಲಿಲ್ಲ. ದನಾ ಕೊಟ್ವು. ತಾವು ತಿನ್ನೂ ಗ್ವಾದ್ಲಿ ಬಿಟ್ಟುಕೊಟ್ವು. ಆ ಋಣಾ ನಮ್ಮ ಮ್ಯಾಲ ಹಂಗ ಐತಿ. ವರ್ಷಾ ವರ್ಷಾ ಗ್ವಾದ್ಲಿ ಸಾರಿಸಿ ಹಾದಿ ನೋಡ್ತೀನಿ, ಒಂದ ದನಾನೂ ಬಂದಿಲ್ಲ. ಇವತ್ತ ನಿನ್ನ ಆಕಳ ತಾನಾಗಿ ಬಾಗಲಿಗೆ ಬಂದಿತ್ತು. ಅದನ್ನ ಕಳಿಸಿಕೊಡೋ. ನನ್ನ ಹಬ್ಬಾ ನಿನ್ನ ಕೈಯಾಗೈತಿ."

ಚನ್ನಪ್ಪ ಕಾಕಾ ಆಕಳ ಬೆನ್ನ ಮೇಲೆ ಕೈ ಇಟ್ಟ. ದಿನಾ ಲಿಂಗಪೂಜೆಯಾಗದೆ ನೀರು ಮುಟ್ಟದವನು, ಎತ್ತು ಕಂಡರೆ ಬಸವಣ್ಣ ಎಂದು ಕೈಮುಗಿಯುವವನು. ಆಯಿ ಯಾವ ಬಾಗಿಲು ಬಡಿದಳೆಂದು ಈಗ ತಿಳಿಯುತ್ತದೆ. ಆದರೆ ಅದು ಯುಕ್ತಿಯಾಗಿರಲಿಲ್ಲ. ಯುಕ್ತಿ ಯಾವುದು, ನಿಜ ಯಾವುದು ಎಂದು ಗುರುತಿಸುವುದರಲ್ಲೇ ನನ್ನ ಹೊಟ್ಟೆ ತುಂಬಿದೆ. ಅವಳ ಕಣ್ಣಲ್ಲಿ ನೀರು ನಿಂತಿತ್ತು.

"ದನದ ಋಣಾ ಅಂದ ಮ್ಯಾಲ ನಾ ಏನ್ ಮಾತಾಡ್ಲಿ," ಎಂದು ಅವನು ಹಗ್ಗ ಬಿಚ್ಚಿದ. ಆಯಿಯ ಕೈಗೆ ಕೊಡಲಿಲ್ಲ. ನನ್ನ ಮುಂದೆ ಹಿಡಿದ. "ತಗೋ ಸರೋಜವ್ವ, ಹಿಡಿ. ಹಗ್ಗಾ ಹಿಡಿಯಾಕ ಏನರ ಕೇಳ್ತೀಯೇನು ಮತ್ತ?"

ನೀಲವ್ವ ಚಿಗವ್ವ ಸೆರಗು ಬಾಯಿಗಿಟ್ಟು ನಕ್ಕಳು. ಗಂಗಿ ಜೋರಾಗಿಯೇ ನಕ್ಕಳು. ನಾನು ತಲೆ ತಗ್ಗಿಸಿ ಹಗ್ಗ ಹಿಡಿದೆ. ಮುಂದೆ ನಾನು, ಹಿಂದೆ ಆಕಳು, ಅದರ ಹಿಂದೆ ಕರು ಹೊತ್ತ ಚಿಗವ್ವ. ಓಣಿಯ ಜನ ಬಾಗಿಲಿಗೆ ಬಂದು ನಿಂತು ನೋಡಿದರು.

ದೀಪ ಹಚ್ಚುವ ಹೊತ್ತಿಗೆ ಅಪ್ಪ ಹುಬ್ಬಳ್ಳಿಯಿಂದ ಬಂದ. ಒಳಗೆ ಕಾಲಿಟ್ಟವನು ಆಕಳನ್ನು ನೋಡಿದ, ಅದು ಯಾರದೆಂದು ಗುರುತಿಸಿದ, ಅರಿವೆಯ ಗಂಟು ಕೆಳಗಿಡದೆಯೇ ಕೇಳಿದ:

"ದೋಣಿ ತಿರುಗಸ್ತೀನಿ ಅಂದನೇನು?"

"ಕೇಳಿಲ್ಲ," ಎಂದಳು ಆಯಿ.

"ಕೇಳಬೇಕಿಲ್ಲೇನಬೇ ಯವ್ವಾ? ಇದ ವ್ಯಾಳ್ಯಾ ಆಗಿತ್ತು."

"ಇದ ವ್ಯಾಳ್ಯಾ ಅಂತನ ಕೇಳಿಲ್ಲ."

ಅಪ್ಪನಿಗೆ ಸಿಟ್ಟು ಬಂದಿತ್ತು. ಆದರೂ ಉಣ್ಣುವ ಮೊದಲು ಹೋಗಿ, ಆಕಳ ಮುಂದೆ ಒಂದು ಸಿವುಡು ಕಣಿಕೆ ಹಾಕಿ ಬಂದ. ಅದನ್ನು ಯಾರೂ ನೋಡಲಿಲ್ಲ ಎಂದುಕೊಂಡಿದ್ದ. ನಾನು ನೋಡಿದೆ.

ಬೆಳಗ್ಗೆ ನಾನು ಎದ್ದು ಮೆಟ್ಟಿಲಿಗೆ ಬಂದಾಗ ಕರು ಗೋದಲಿಯೊಳಗೆ ಮಲಗಿತ್ತು. ಯಾವಾಗ ಹತ್ತಿತೋ, ಯಾರು ಎತ್ತಿಟ್ಟರೋ, ಇವತ್ತಿಗೂ ಯಾರೂ ಒಪ್ಪಿಕೊಂಡಿಲ್ಲ. ಗರಿಯ ಹಾಸಿಗೆಯ ಮೇಲೆ ಕಾಲು ಮಡಚಿಕೊಂಡು, ಮೂಗು ಹೊಟ್ಟೆಗೆ ಹಚ್ಚಿಕೊಂಡು ಮಲಗಿತ್ತು. ತಾಯಿ ಅದರ ಬೆನ್ನು ನೆಕ್ಕುತ್ತಿತ್ತು, ಮೈಯಿಂದ ಹಬೆ ಏಳುತ್ತಿತ್ತು. ಗಂಗಿ ಹೊಸ್ತಿಲಲ್ಲಿ ನಿಂತು ಓಣಿಗೆಲ್ಲ ಕೇಳುವಂತೆ ಕೂಗಿದಳು:

"ಬರ್ರೇ! ಸರೋಜಿ ಮನ್ಯಾಗ ಕೂಸು ಬಂದೈತಿ!"

ಅವಳ ಹಿಂದೆಯೇ ನೀಲವ್ವ ಚಿಗವ್ವ ಪಾತ್ರೆಯಲ್ಲಿ ಗಿಣ್ಣ ತಂದಳು, ಅದೇ ಆಕಳ ಎಳೆಹಾಲಿನದು, ಬೆಲ್ಲ ಏಲಕ್ಕಿ ಹಾಕಿ ಕಾಸಿದ್ದು. ಹಿಂದೆ ತಿರುಗಿ ಬಂದ ಆ ತಾಟಿನ ಮಾತು ಅವಳೂ ಎತ್ತಲಿಲ್ಲ, ಅವ್ವನೂ ಎತ್ತಲಿಲ್ಲ. ಅವ್ವ ಗಿಣ್ಣ ತೆಗೆದುಕೊಂಡು, ಪಾತ್ರೆ ತೊಳೆದು, ಅದರ ತುಂಬ ಕರ್ಚಿಕಾಯಿ ಹಾಕಿ ಕೊಟ್ಟಳು. ಅರ್ಧದಷ್ಟು ಕಪ್ಪಾಗಿದ್ದವು, ಹಿಂದಿನ ದಿನ ಎಣ್ಣೆಯಲ್ಲೇ ಉಳಿದವು. ಚಿಗವ್ವ ಒಂದನ್ನು ಅಲ್ಲೇ ಮುರಿದು ಬಾಯಿಗೆ ಹಾಕಿಕೊಂಡಳು.

ಪಟ್ಟಣದ ಚರ್ಚಿಗೆ ಹೊರಡುವ ಹೊತ್ತಿಗೆ ಆಯಿ ಬರುವುದಿಲ್ಲ ಎಂದಳು. ಹೊಸ ಜಾಗ, ಆಕಳು ಬೆದರೀತು. ನನ್ನ ನೆನಪಿನಲ್ಲಿ ಅವಳು ಕ್ರಿಸ್ಮಸ್ಸಿನ ಆರಾಧನೆ ತಪ್ಪಿಸಿದ್ದು ಅದೊಂದೇ ಸಲ. ಸಭಾಪಾಲಕರು ಕೇಳಿದರೆ ಏನು ಹೇಳಲಿ ಎಂದ ಅಪ್ಪ.

"ಗ್ವಾದ್ಲಿ ಕಡೆ ಹೋಗ್ಯಾಳ ಅನ್ನು. ಅವರಿಗೆ ತಿಳೀತೈತಿ."

ಇಷ್ಟು ಓದಿದವರು ದೋಣಿಯ ಗತಿ ಏನಾಯಿತು ಎಂದು ಕಾಯುತ್ತಿರುತ್ತೀರಿ. ನಾನೂ ಕಾದೆ. ದನದ ಮನೆಗೆ ಹೊಸ ತೊಲೆ ಬಂತು, ಆಕಳು ತನ್ನ ಮನೆಗೆ ಹೋಯಿತು, ಎರಡೂ ಮನೆಗೆ ಮಾತು ಬಂತು. ದೋಣಿ ತಿರುಗಲಿಲ್ಲ. ಚನ್ನಪ್ಪ ಕಾಕಾ ಮರೆತನೋ, ಮರೆತಂತೆ ಮಾಡಿದನೋ ಗೊತ್ತಿಲ್ಲ. ಮೊದಲ ಮಳೆಗೆ ಅದೇ ನೀರು ಅದೇ ಗೋಡೆಯ ಬುಡಕ್ಕೆ ಸುರಿಯಿತು. ಅಪ್ಪ ಗೊಣಗುತ್ತ ಅಲ್ಲೊಂದು ಹಾಸುಗಲ್ಲು ಹಾಕಿದ. ಆಯಿ ಒಳಗಿಂದ ತಾಮ್ರದ ಹಂಡೆ ತಂದು ದೋಣಿಯ ಕೆಳಗಿಟ್ಟಳು. ನಮ್ಮ ಕಡೆ ಬಾವಿಯ ನೀರು ಉಪ್ಪು, ಬೇಳೆ ಎಷ್ಟು ಕುದಿಸಿದರೂ ಬೇಯುವುದಿಲ್ಲ, ಮಳೆನೀರಿನಲ್ಲಿ ಬೆಣ್ಣೆಯಾಗುತ್ತದೆ. ನಾನು ಹಂಡೆಯ ಪಕ್ಕದಲ್ಲಿ ನಿಂತು, ಆರು ತಿಂಗಳಿನಿಂದ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಹೇಳಿಯೇಬಿಟ್ಟೆ:

"ನೋಡಿದೇನ ಆಯಿ? ಇಷ್ಟ ಮಾಡಿದ್ರೂ ಅಂವ ದೋಣಿ ತಿರುಗಿಸಲಿಲ್ಲ."

ಆಯಿ ಹಂಡೆಯೊಳಗೆ ನೀರು ಬೀಳುವುದನ್ನೇ ನೋಡುತ್ತಿದ್ದಳು.

"ತಿರುಗಿಸಿದ್ರ ಅದು ವ್ಯಾಪಾರ ಆಗತಿತ್ತವ್ವ. ಹಬ್ಬ ಆಗತಿರಲಿಲ್ಲ."

ಆಮೇಲೆ ನಾನು ಬಹಳ ವ್ಯಾಪಾರ ಮಾಡಿದ್ದೇನೆ. ಲಾರಿಯವರನ್ನು, ದಲಾಲರನ್ನು, ಒಮ್ಮೊಮ್ಮೆ ಸ್ವಂತ ಅಳಿಯನನ್ನೂ ಬಿಟ್ಟಿಲ್ಲ. ನೀವೂ ಬಿಡಬೇಡಿ; ಕೇಳದವರಿಗೆ ಲೋಕ ತಾನಾಗಿ ಏನೂ ಕೊಡುವುದಿಲ್ಲ. ಆದರೆ ವರ್ಷದಲ್ಲಿ ಒಂದು ದಿನ ಬಾಗಿಲಿಗೆ ಬಂದವರಿಗೆ ಏನೂ ಕೇಳದೆ ಕೊಡಿ, ಕೊಟ್ಟ ಮೇಲೆ ದೋಣಿ ತಿರುಗಿತೇ ಎಂದು ಕತ್ತೆತ್ತಿ ನೋಡಬೇಡಿ. ನನಗೆ ಎರಡನೆಯದು ಇನ್ನೂ ಪೂರ್ತಿ ಬಂದಿಲ್ಲ. ಆಯಿಗೆ ಅದು ಉಸಿರಾಟದಷ್ಟು ಸಲೀಸಾಗಿತ್ತು.

ಈಗಿರುವ ಮನೆಯನ್ನು ನಾನೇ ಕಟ್ಟಿಸಿದ್ದು. ಸಿಮೆಂಟಿನದು, ಮೂರು ಕೋಣೆಯದು, ಮಾಳಿಗೆಯ ನೀರು ನನ್ನದೇ ತೊಟ್ಟಿಗೆ ಬೀಳುವಂಥದ್ದು. ಕಾರು ನಿಲ್ಲಿಸುವ ಜಾಗದ ಎಡಗೋಡೆಗೆ, ಮೊಣಕಾಲೆತ್ತರಕ್ಕೆ, ಕಲ್ಲಿನಲ್ಲಿ ಒಂದು ಗೋದಲಿ ಕಟ್ಟು ಎಂದೆ. ಗೋಡೆ ಕಟ್ಟುತ್ತಿದ್ದ ಗೌಂಡಿ ಕರಣೆ ಕೈಯಲ್ಲೇ ಹಿಡಿದು ನನ್ನ ಮುಖ ನೋಡಿದ.

"ಗ್ವಾದ್ಲಿ ಕಟ್ತೀನ್ರಿ ಅಕ್ಕಾರ. ಆದ್ರ ಆಕಳ ಎಲ್ಲೈತ್ರಿ?"

"ಇನ್ನೂ ಬಂದಿಲ್ಲ," ಎಂದೆ. "ನೀ ಕಟ್ಟು."